ಗದಗಿನ ಪ್ರೆಸ್‌ನಲ್ಲಿ ಮ್ಯಾಕ್ ಮಿನಿ ಎಂ4: ಮಶೀನ್ ಚಲೋ ಐತಿ, ಆದರೆ ‘ಲೋಕಲ್ ನೆಟ್‌ವರ್ಕ್’ ನೋಡಿಕೊಳ್ಳಿ

ಸಣ್ಣ ಪ್ರೆಸ್ ನಡೆಸುವವರು ಆಪಲ್‌ನ ಸಣ್ಣ ಕಂಪ್ಯೂಟರ್ ಮ್ಯಾಕ್ ಮಿನಿ ಎಂ4 ತಗೋಬಹುದಾ ಅಂತ ಕೇಳಿದರೆ, ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ನೆಟ್‌ವರ್ಕ್ ಪ್ರಿಂಟರ್, ಸ್ಟೋರೇಜ್ ಬಾಕ್ಸ್ ಇಟ್ಟುಕೊಂಡವರಿಗೆ ಆಪ್‌ಗಳಿಗೆ ಕೊಡುವ ‘ಲೋಕಲ್ ನೆಟ್‌ವರ್ಕ್’ ಅನುಮತಿಯ ವಿಷಯ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಕೇಬಲ್, ರೂಟರ್, ಪ್ರಿಂಟರ್ ಎಲ್ಲದರ ಮೇಲೂ ಅನುಮಾನ ಬಂದು ಕೆಲಸ ನಿಂತುಬಿಡುತ್ತದೆ. ಹಾಗಾಗಿ ಈ ರಿವ್ಯೂನಲ್ಲಿ ಅದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮಶೀನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2024ರ ನವೆಂಬರ್‌ನಲ್ಲಿ ಬಂದ ಮಾಡೆಲ್. ಉದ್ದ ಅಗಲ ಎರಡೂ 12.7 ಸೆಂಟಿಮೀಟರ್, ಎತ್ತರ 5. ಬಿಡುಗಡೆಯಾದಾಗ ಬೆಲೆ 59,900 ರೂಪಾಯಿ, ಅದಕ್ಕೆ 16 ಜಿಬಿ ರ‍್ಯಾಮ್, 256 ಜಿಬಿ ಜಾಗ. ಲಗ್ನಪತ್ರಿಕೆ, ಡೈರಿ, ಜಾತ್ರೆ ಪೋಸ್ಟರ್ ಡಿಸೈನ್‌ಗೆ 16 ಜಿಬಿ ಸಾಕು. ಹಳೆ ಯುಎಸ್‌ಬಿ ಪೋರ್ಟ್ ಒಂದೂ ಇಲ್ಲ, ಪೆನ್‌ಡ್ರೈವ್ ತರುವ ಗಿರಾಕಿಗಳಿಗಾಗಿ ಒಂದು ಹಬ್ ತಗೊಳ್ಳಲೇಬೇಕು. ಆನ್ ಮಾಡುವ ಬಟನ್ ಕೆಳಗಡೆ ಇಟ್ಟಿದ್ದಾರೆ, ಅದು ನನಗೆ ಹಿಡಿಸಲಿಲ್ಲ. ಇನ್ನು ನುಡಿ ತಂತ್ರಾಂಶ ಇರುವುದು ವಿಂಡೋಸ್‌ಗೆ, ಹಾಗಾಗಿ ಹಳೆ ನುಡಿ ಫೈಲುಗಳು ಜಾಸ್ತಿ ಇರುವವರು ಒಂದು ವಿಂಡೋಸ್ ಕಂಪ್ಯೂಟರ್ ಇಟ್ಟುಕೊಂಡೇ ಇರಿ.

256 ಜಿಬಿ ಪ್ರೆಸ್‌ಗೆ ಸಾಲುವುದಿಲ್ಲ. ಅದಕ್ಕೇ ನಮ್ಮ ಹಳೆ ಕೆಲಸಗಳೆಲ್ಲ ನೆಟ್‌ವರ್ಕ್‌ನಲ್ಲಿರುವ ಸ್ಟೋರೇಜ್ ಬಾಕ್ಸ್‌ನಲ್ಲಿವೆ, ಕಲರ್ ಪ್ರಿಂಟ್ ತೆಗೆಯುವ ಮಶೀನ್‌ಗೂ ಒಂದು ಆಪ್ ಮೂಲಕ ನೆಟ್‌ವರ್ಕ್‌ನಲ್ಲೇ ಫೈಲ್ ಹೋಗುತ್ತದೆ. ಮುದ್ರಣ ಕಾಶಿ ಅಂತ ಕರೆಸಿಕೊಳ್ಳುವ ಊರು ನಮ್ಮದು, ಇಲ್ಲಿನ ಎಷ್ಟೋ ಪ್ರೆಸ್‌ಗಳಲ್ಲಿ ಇದೇ ವ್ಯವಸ್ಥೆ.

ಲಗ್ನದ ಸೀಸನ್‌ನಲ್ಲಿ ಒಂದು ಬೆಳಿಗ್ಗೆ ಆ ಆಪ್ ಕಲರ್ ಮಶೀನ್ ಸಿಗುತ್ತಿಲ್ಲ ಅಂತ ಹೇಳತೊಡಗಿತು. ‘ನೋ ರೂಟ್ ಟು ಹೋಸ್ಟ್’, ಅಂದರೆ ಅಲ್ಲಿಗೆ ಹೋಗಲು ದಾರಿ ಇಲ್ಲ, ಅಂತ ಒಂದು ಸಾಲು, ಅಷ್ಟೇ. ಇಂಟರ್ನೆಟ್ ಚೆನ್ನಾಗಿ ನಡೆಯುತ್ತಿತ್ತು. ಪಕ್ಕದ ವಿಂಡೋಸ್ ಕಂಪ್ಯೂಟರ್‌ನಿಂದ ಪ್ರಿಂಟ್ ಬರುತ್ತಿತ್ತು. ನೋಡಲು ಬಂದ ಟೆಕ್ನಿಷಿಯನ್ ಕಮಾಂಡ್ ಬರೆಯುವ ಟರ್ಮಿನಲ್ ತೆಗೆದು, ಸಾಧನ ಸಿಗುತ್ತದಾ ಅಂತ ನೋಡುವ ಪಿಂಗ್ ಕಮಾಂಡ್ ಕೊಟ್ಟರೆ ಕಲರ್ ಮಶೀನ್ ತಕ್ಷಣ ಉತ್ತರ ಕೊಟ್ಟಿತು. ‘ನೆಟ್‌ವರ್ಕ್ ಸರಿ ಐತ್ರಿ ಅಣ್ಣಾರ, ಆಪ್ ಕೆಟ್ಟೈತಿ’ ಅಂದರು. ಆಪ್ ತೆಗೆದು ಮತ್ತೆ ಹಾಕಿದರೂ ಅದೇ ಕತೆ.

ಕಾರಣ ಇದ್ದದ್ದು ಅನುಮತಿಯಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಮ್ಯಾಕ್‌ನ ಆಪರೇಟಿಂಗ್ ಸಿಸ್ಟಂ ಮ್ಯಾಕ್‌ಓಎಸ್ 15, ಅಂದರೆ ಸೆಕೋಯಾದಿಂದ, ಯಾವುದೇ ಆಪ್ ನಿಮ್ಮ ಮನೆ ಅಥವಾ ಆಫೀಸಿನ ನೆಟ್‌ವರ್ಕ್‌ನಲ್ಲಿರುವ ಬೇರೆ ಸಾಧನಗಳ ಜೊತೆ ಮಾತಾಡಬೇಕಾದರೆ ಮೊದಲು ನಿಮ್ಮ ಅನುಮತಿ ಕೇಳಬೇಕು. ಐಫೋನ್‌ನಲ್ಲಿ ಇದು 2020ರಿಂದಲೇ ಇದೆ. ಒಂದು ಸಣ್ಣ ಕಿಟಕಿ ಬರುತ್ತದೆ, ಅದರಲ್ಲಿ ‘ಅಲೋ’ ಮತ್ತು ‘ಡೋಂಟ್ ಅಲೋ’ ಎರಡು ಬಟನ್. ಪ್ರೆಸ್‌ನಲ್ಲಿ ಒಂದೇ ಕಂಪ್ಯೂಟರ್‌ಗೆ ಇಬ್ಬರು ಮೂವರು ಕೂರುತ್ತಾರೆ, ಎದುರಿಗೆ ಗಿರಾಕಿ ಪ್ರೂಫ್‌ಗೆ ಕಾಯುತ್ತಾ ನಿಂತಿರುತ್ತಾರೆ, ಕಿಟಕಿ ಬಂದರೆ ಸಾಕು ಯಾರೋ ಒಬ್ಬರು ‘ಡೋಂಟ್ ಅಲೋ’ ಒತ್ತಿ ಮುಂದೆ ಹೋಗುತ್ತಾರೆ. ಆಮೇಲೆ ಅದು ಮತ್ತೆ ಕೇಳುವುದಿಲ್ಲ. ಆಪ್‌ಗೆ ಪ್ರಿಂಟರ್ ಇಲ್ಲವೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ.

ಪಿಂಗ್ ಯಾಕೆ ನಡೆಯಿತು ಅಂತ ಕೇಳಬಹುದು. ಟರ್ಮಿನಲ್‌ನಿಂದ ಓಡಿಸುವ ಕಮಾಂಡ್‌ಗಳಿಗೆ ಈ ಅನುಮತಿ ಬೇಕಿಲ್ಲ. ಹಾಗಾಗಿ ಪಿಂಗ್ ಬಂತು ಅಂದ ಮಾತ್ರಕ್ಕೆ ಆಪ್‌ಗೂ ದಾರಿ ಇದೆ ಅಂತ ತಿಳಿಯಬೇಡಿ. ಪಿಂಗ್ ನಡೆಯುತ್ತದೆ, ಆಪ್ ಮಾತ್ರ ನಡೆಯುವುದಿಲ್ಲ ಅಂದರೆ ಮೊದಲು ಇಲ್ಲೇ ನೋಡಿ. ಕ್ರೋಮ್‌ನಲ್ಲೂ ಒಂದು ಸುಳಿವು ಸಿಗುತ್ತದೆ. ಅದಕ್ಕೆ ಅನುಮತಿ ಇಲ್ಲದಿದ್ದರೆ ಹೊರಗಿನ ಸೈಟ್‌ಗಳೆಲ್ಲ ತೆರೆಯುತ್ತವೆ, ರೂಟರ್‌ನ 192.168.1.1 ತರಹದ ಸೆಟ್ಟಿಂಗ್ ಪುಟ ಮಾತ್ರ ತೆರೆಯುವುದಿಲ್ಲ.

ಸರಿ ಮಾಡುವುದು ಸುಲಭ. ಸಿಸ್ಟಂ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಆಂಡ್ ಸೆಕ್ಯೂರಿಟಿ ತೆಗೆದು, ಲೋಕಲ್ ನೆಟ್‌ವರ್ಕ್ ಒತ್ತಿ. ಆಪ್ ಹೆಸರಿನ ಮುಂದಿನ ಸ್ವಿಚ್ ಆನ್ ಮಾಡಿ. ಆಮೇಲೆ ಆಪ್ ಅನ್ನು ಕಮಾಂಡ್ ಮತ್ತು ಕ್ಯೂ ಒತ್ತಿ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ, ಯಾಕೆಂದರೆ ವಿಂಡೋಸ್‌ನಿಂದ ಬಂದವರು ಕೆಂಪು ಬಟನ್ ಒತ್ತಿ ಮುಚ್ಚಿದೆವು ಅಂದುಕೊಳ್ಳುತ್ತಾರೆ, ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಕಿಟಕಿ ಮುಚ್ಚುತ್ತದೆ, ಆಪ್ ಒಳಗೆ ಓಡುತ್ತಲೇ ಇರುತ್ತದೆ. ಪಟ್ಟಿಯಲ್ಲಿ ಹೆಸರೇ ಇಲ್ಲ ಅಂದರೆ ನೀವಾಗಿ ಸೇರಿಸಲು ಬರುವುದಿಲ್ಲ. ಆಪ್ ತೆರೆದು ಪ್ರಿಂಟರ್ ಹುಡುಕಲು ಬಿಡಿ, ಆಗ ಹೆಸರು ಬರುತ್ತದೆ. ಸ್ವಿಚ್ ಆನ್ ಇದ್ದರೂ ನಡೆಯದಿದ್ದರೆ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಅಪ್‌ಡೇಟ್ ಆದ ಮೇಲೆ ಒಂದೇ ಆಪ್ ಎರಡು ಸಲ ಕಾಣುವುದೂ ಉಂಟು, ಎರಡನ್ನೂ ಆನ್ ಮಾಡಿ.

ಸ್ಟೋರೇಜ್ ಬಾಕ್ಸ್‌ನದು ಇನ್ನೊಂದು ಕತೆ. ಮ್ಯಾಕ್‌ನಲ್ಲಿ ಫೈಲುಗಳನ್ನು ನೋಡುವ ಫೈಂಡರ್‌ನಲ್ಲಿ ಫೋಲ್ಡರ್ ಕಾಣುತ್ತದೆ, ಡಿಸೈನ್ ಆಪ್‌ನಿಂದ ಫೈಲ್ ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ. ಅದೇ ಪ್ರೈವಸಿ ಪುಟದಲ್ಲಿ ಫೈಲ್ಸ್ ಆಂಡ್ ಫೋಲ್ಡರ್ಸ್ ಅಂತ ಇದೆ, ಅಲ್ಲಿ ಆ ಆಪ್‌ನ ಕೆಳಗೆ ನೆಟ್‌ವರ್ಕ್ ವಾಲ್ಯೂಮ್ಸ್ ಆನ್ ಇದೆಯಾ ನೋಡಿ.

ಇಷ್ಟೆಲ್ಲ ಆದರೂ ಈ ಅನುಮತಿ ಇರುವುದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಪ್ರೆಸ್‌ಗಳಲ್ಲಿ ಶಾಲೆಗಳ ಪ್ರಶ್ನೆಪತ್ರಿಕೆ ಅಚ್ಚಾಗುತ್ತವೆ, ಜನರ ವಿಳಾಸ, ಫೋನ್ ನಂಬರ್ ಇರುವ ಫೈಲುಗಳಿರುತ್ತವೆ. ಎಲ್ಲಿಂದಲೋ ಇಳಿಸಿಕೊಂಡ ಒಂದು ಫ್ರೀ ಆಪ್ ನಮ್ಮ ಬಾಕ್ಸ್ ಎಲ್ಲಿದೆ, ಪ್ರಿಂಟರ್ ಯಾವುದು ಅಂತ ಸುಮ್ನೆ ಹುಡುಕಿಕೊಂಡು ಹೋಗುವುದು ಬೇಡ ಅಲ್ವಾ? ನನಗೆ ಸಿಟ್ಟು ಬಂದದ್ದು ಆಪ್ ಮಾಡಿದವರ ಮೇಲೆ. ಸಂಪರ್ಕ ಸಿಗದಿದ್ದಾಗ ‘ಲೋಕಲ್ ನೆಟ್‌ವರ್ಕ್ ಅನುಮತಿ ಇದೆಯಾ ನೋಡಿ’ ಅಂತ ಒಂದು ಸಾಲು ಬರೆದಿದ್ದರೆ ನಮ್ಮ ಹುಡುಗರೇ ಸರಿ ಮಾಡಿಕೊಳ್ಳುತ್ತಿದ್ದರು. ಅವರಿಗೂ ಇದನ್ನೇ ಬರೆದು ಕಳಿಸಿದ್ದೇನೆ.

ಮಶೀನ್‌ಗೆ ಐದರಲ್ಲಿ ನಾಲ್ಕೂವರೆ ಸ್ಟಾರ್. ಅರ್ಧ ಕಡಿಮೆ ಮಾಡಿದ್ದು ಪೋರ್ಟ್ ಮತ್ತು ಕೆಳಗಿನ ಬಟನ್‌ಗಾಗಿ. ತಗೊಂಡ ದಿನವೇ ಕಲರ್ ಮಶೀನ್ ಆಪ್, ಸ್ಕ್ಯಾನರ್ ಆಪ್, ಕ್ರೋಮ್ ಮೂರನ್ನೂ ತೆರೆದು, ಕಿಟಕಿ ಬಂದಾಗ ‘ಅಲೋ’ ಒತ್ತಿ, ಒಂದೊಂದು ಟೆಸ್ಟ್ ಪ್ರಿಂಟ್ ತೆಗೆದ ಮೇಲೆಯೇ ಹುಡುಗರ ಕೈಗೆ ಕೊಡಿ.