ಸೋನಿ ಪಿಸಿಎಂ-ಡಿ100: ಹಳೆಯ ಕ್ಯಾಸೆಟ್, ಎಲ್‌ಪಿಗಳನ್ನು ಫೈಲಿಗಿಳಿಸಲು ಹೇಗಿದೆ?

ಕೈಯಲ್ಲಿ ಹಿಡಿಯುವ ಈ ಡಿಜಿಟಲ್ ರೆಕಾರ್ಡರ್ ಬಹಳ ಒಳ್ಳೆಯದು. ಆದರೆ ಎಲ್ಲರೂ ಆಸೆಪಟ್ಟು ಕೊಳ್ಳುವ ಡಿಎಸ್‌ಡಿ (ಒಂದೇ ಬಿಟ್‌ನಲ್ಲಿ ಅತಿ ವೇಗವಾಗಿ ಧ್ವನಿ ದಾಖಲಿಸುವ ಬಗೆ) ಸೌಲಭ್ಯ ಈ ಕೆಲಸಕ್ಕೆ ಬೇಕಿಲ್ಲ. ಡಿಎಸ್‌ಡಿ ಫೈಲಿನಲ್ಲಿ ಚಟಪಟ ಸದ್ದು ತೆಗೆಯುವುದಕ್ಕೋ ಲೆವೆಲ್ ಸರಿಮಾಡುವುದಕ್ಕೋ ಹೊರಟರೆ ಅದನ್ನು ಮೊದಲು ಪಿಸಿಎಂಗೆ, ಅಂದರೆ ಸಿಡಿ ಮತ್ತು ವೇವ್ ಫೈಲುಗಳಲ್ಲಿರುವ ಸಾಮಾನ್ಯ ಬಗೆಗೆ, ತಿರುಗಿಸಲೇಬೇಕು. ಹಾಗಿದ್ದ ಮೇಲೆ ನೇರವಾಗಿ 24 ಬಿಟ್, 96 ಕಿಲೋಹರ್ಟ್ಸ್ ಪಿಸಿಎಂನಲ್ಲೇ ರೆಕಾರ್ಡ್ ಮಾಡಿ. ಗಂಟೆಗೆ ಸುಮಾರು 2 ಜಿಬಿ ಹಿಡಿಯುತ್ತದೆ. ಒಳಗಿನ 32 ಜಿಬಿಯಲ್ಲಿ ಹನ್ನೆರಡು ಗಂಟೆಯ ಸಂಗೀತ ಆರಾಮವಾಗಿ ಕೂರುತ್ತದೆ. 192ಕ್ಕೆ ಹೋದರೆ ಜಾಗ ಎರಡು ಪಟ್ಟಾಗುತ್ತದೆ, ಕ್ಯಾಸೆಟ್ಟಿನಿಂದ ಹೆಚ್ಚಿಗೆ ಸಿಗುವುದು ಟೇಪಿನ ಹಿಸ್ (ಸುಯ್ ಎನ್ನುವ ಸದ್ದು) ಮಾತ್ರ.

ಲ್ಯಾಪ್‌ಟಾಪ್ ಇರುವಾಗ ಇದೇಕೆ ಎಂದರೆ, ನಾಲ್ಕು ಎಎ ಸೆಲ್‌ಗಳಿಂದಾಗಿ. ಡೆಕ್, ಆಂಪ್ಲಿಫೈಯರ್, ಲ್ಯಾಪ್‌ಟಾಪ್ ಚಾರ್ಜರ್ ಒಂದಕ್ಕೊಂದು ಸೇರಿದಾಗ ಗ್ರೌಂಡ್ ಲೂಪ್ ಹುಟ್ಟಿ 50 ಹರ್ಟ್ಸ್ ಗುಂಯ್ ಸದ್ದು ಮೆಲ್ಲಗೆ ಒಳಸೇರುತ್ತದೆ. ತಂಬೂರಿಯ ಶ್ರುತಿಯ ಕೆಳಗೆ ಅದು ಕೂತುಬಿಟ್ಟರೆ ಆಮೇಲೆ ತೆಗೆಯುವುದು ಕಷ್ಟ. ರೆಕಾರ್ಡರ್ ಸೆಲ್ ಮೇಲೆ ಓಡಿದರೆ ಆ ಸರಪಳಿ ಅಲ್ಲೇ ಕಡಿಯುತ್ತದೆ. ರೀಚಾರ್ಜ್ ಆಗುವ ನಿಕಲ್ ಸೆಲ್ ಎರಡು ಜೊತೆ ಇಟ್ಟುಕೊಳ್ಳಿ.

ಡೆಕ್‌ನ ಆರ್‌ಸಿಎ ಔಟ್‌ಪುಟ್‌ನಿಂದ 3.5 ಮಿಮೀ ಸ್ಟೀರಿಯೋ ಕೇಬಲ್ ಹಾಕಿ ಲೈನ್ ಇನ್‌ಗೆ ಕೊಡಿ. ಜೋರು ಧ್ವನಿಯನ್ನು ತಾನಾಗಿ ತಗ್ಗಿಸುವ ಲಿಮಿಟರ್ ಆಫ್ ಮಾಡಿ. ಲೋ ಕಟ್ ಫಿಲ್ಟರ್ ಕೂಡ ಆಫ್ ಆಗಿರಬೇಕು, ಇಲ್ಲದಿದ್ದರೆ ಮೃದಂಗದ ತೊಪ್ಪಿಯ ಗುಂಕಿಯನ್ನೇ ಅದು ತಿಂದುಹಾಕುತ್ತದೆ. ಹಾಡಿನ ಅತ್ಯಂತ ಜೋರಾದ ಭಾಗವನ್ನು ಮೊದಲು ಹಾಕಿ ನೋಡಿ, ಮೀಟರ್ -6 ಡಿಬಿ ದಾಟದಂತೆ ಡಯಲ್ ನಿಲ್ಲಿಸಿ, ಮತ್ತೆ ಮುಟ್ಟಬೇಡಿ. 24 ಬಿಟ್‌ನಲ್ಲಿ ಸ್ವಲ್ಪ ಕೆಳಗೆ ರೆಕಾರ್ಡ್ ಆದರೆ ಏನೂ ನಷ್ಟವಿಲ್ಲ. 0 ಮುಟ್ಟಿ ಒಡೆದ ಧ್ವನಿ ಮಾತ್ರ ಮರಳಿ ಬರುವುದಿಲ್ಲ.

ಎಲ್‌ಪಿಗೆ ಇದೊಂದೇ ಸಾಲದು. ಮುಳ್ಳು ಕೂರುವ ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಅದನ್ನು 40 ಡಿಬಿಯಷ್ಟು ಏರಿಸಿ, ಆರ್‌ಐಎಎ ತಿದ್ದುಪಡಿಯನ್ನೂ (ತಟ್ಟೆ ಕೊರೆಯುವಾಗ ತಗ್ಗಿಸಿದ ತಳದ ಧ್ವನಿ, ಏರಿಸಿದ ಮೇಲಿನ ಧ್ವನಿಗಳನ್ನು ಮೊದಲಿನಂತಾಗಿಸುವುದು) ಮಾಡುವ ಫೋನೋ ಪ್ರಿಆಂಪ್ ನಡುವೆ ಬೇಕೇ ಬೇಕು. ಅದಿಲ್ಲದೆ ನೇರ ಜೋಡಿಸಿದರೆ ಕ್ಷೀಣವಾದ, ತಳವಿಲ್ಲದ, ಕೀರಲು ಧ್ವನಿ ಬರುತ್ತದೆ. 78 ಆರ್‌ಪಿಎಂ ತಟ್ಟೆಗೆ 3 ಮಿಲ್‌ನ (ಇಂಚಿನ ಸಾವಿರದಲ್ಲಿ ಮೂರು ಭಾಗ) ದಪ್ಪ ಮುಳ್ಳು ಬೇರೆಯೇ ಬೇಕು. ಆ ಅರಗಿನ ತಟ್ಟೆಯನ್ನು ಆಲ್ಕೋಹಾಲ್ ಇರುವ ದ್ರವದಿಂದ ಒರೆಸಲೇಬೇಡಿ, ಅರಗು ಕರಗುತ್ತದೆ.

ಹೆಚ್ಚಿನವರು ಎಡವುವುದು ಕ್ಯಾಸೆಟ್ಟಿನಲ್ಲಿ, ಅದೂ ಅಜಿಮತ್‌ನಲ್ಲಿ, ಅಂದರೆ ಟೇಪ್ ಓದುವ ಹೆಡ್ ನಿಲ್ಲುವ ಕೋನದಲ್ಲಿ. ಹೆಡ್‌ನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿ ನಿಲ್ಲದಿದ್ದರೆ ಮಂಕು ಕವಿದ ಧ್ವನಿ ಬರುತ್ತದೆ. ಕೇಳಿದವರು ಟೇಪ್ ಹಾಳಾಗಿದೆ ಎಂದುಕೊಂಡು ಕ್ಯಾಸೆಟ್ ಎಸೆಯುತ್ತಾರೆ. ತಾಳಮದ್ದಳೆ, ಹರಿಕಥೆಗಳ ಎಷ್ಟೋ ಕ್ಯಾಸೆಟ್ಟುಗಳು ಸಿಡಿಯಾಗಿ ಬಂದೇ ಇಲ್ಲ. ಹಾಗೆ ಎಸೆದದ್ದು ಮತ್ತೆಲ್ಲೂ ಸಿಗದೇ ಹೋಗಬಹುದು. ಹೆಡ್‌ನ ಪಕ್ಕ ಎರಡು ಸ್ಕ್ರೂಗಳಿರುತ್ತವೆ, ಸಾಮಾನ್ಯವಾಗಿ ಅಡಿಯಲ್ಲಿ ಸ್ಪ್ರಿಂಗ್ ಇರುವುದೇ ಅಜಿಮತ್ ಸ್ಕ್ರೂ. ಮೊದಲಿದ್ದ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ. ಔಟ್‌ಪುಟ್ ಅನ್ನು ಮೋನೋ ಮಾಡಿ (ಎರಡೂ ಚಾನೆಲ್ ಒಂದಾಗಿಸಿ) ಹೆಡ್‌ಫೋನ್ ಹಾಕಿಕೊಂಡು, ಕಾಂತವಾಗಿರದ ಸಣ್ಣ ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟೇ ತಿರುಗಿಸುತ್ತಾ ಬನ್ನಿ. ಒಂದು ಬಿಂದುವಿನಲ್ಲಿ ತಾಳದ ಝಣ್ ಎನ್ನುವ ಚೂಪು, ‘ಸ’ಕಾರ ‘ಶ’ಕಾರಗಳು ಥಟ್ಟನೆ ತೆರೆದುಕೊಳ್ಳುತ್ತವೆ. ಅಲ್ಲಿಗೆ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಈ ಬಿಂದು ಬೇರೆ ಇರಬಹುದು. ಇಲ್ಲಿ ಕಳೆದ ಚೂಪನ್ನು ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ವಾಪಸು ತರಲಾರದು. ನೂರು ಕ್ಯಾಸೆಟ್ ಇದ್ದರೆ ನೂರು ಸಲವೂ ಇಷ್ಟು ತಾಳ್ಮೆ ತೋರಿಸಿ.

ಮಲೆನಾಡು, ಕರಾವಳಿಯ ಮನೆಗಳ ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಾಣುತ್ತದೆ. ಅದನ್ನು ಒಳ್ಳೆಯ ಡೆಕ್‌ಗೆ ಹಾಕಬೇಡಿ, ಬೂಷ್ಟು ಮುಂದಿನ ಟೇಪಿಗೂ ಹತ್ತುತ್ತದೆ. ಮಾಸ್ಕ್ ಹಾಕಿಕೊಂಡು, ಬೇಡದ ಹಳೆಯ ಡೆಕ್‌ನಲ್ಲಿ ಒಮ್ಮೆ ಪೂರ್ತಿ ಸುತ್ತಿಸಿ. ಟೇಪನ್ನು ಹೆಡ್‌ಗೆ ಒತ್ತುವ ಫೆಲ್ಟ್ ಪ್ಯಾಡ್ ಉದುರಿದ್ದರೆ ಬೇರೊಂದು ಐದು ಸ್ಕ್ರೂ ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ಬದಲಾಯಿಸಿ. ಹೆಡ್ ಒರೆಸಲು 99% ಐಸೊಪ್ರೊಪೈಲ್ ಸರಿ, ರಬ್ಬರ್ ರೋಲರ್‌ಗೆ ಸೋಪಿನ ನೀರು ಸಾಕು.

ಹಾಡು ಮುಗಿದಲ್ಲೆಲ್ಲ ರೆಕಾರ್ಡರ್‌ನ ಟಿ-ಮಾರ್ಕ್ (ಫೈಲಿನಲ್ಲಿ ಗುರುತು ಹಾಕುವ) ಗುಂಡಿ ಒತ್ತುತ್ತಾ ಹೋದರೆ ಆಮೇಲೆ ತುಂಡರಿಸುವ ಕೆಲಸ ಹಗುರ. ಮೂಲ ವೇವ್ ಫೈಲನ್ನು ಮುಟ್ಟದೆ ಎರಡು ಡಿಸ್ಕ್‌ಗಳಲ್ಲಿ ಇಡಿ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತಿದ್ದುವುದೆಲ್ಲ ಪ್ರತಿಯ ಮೇಲೆ ನಡೆಯಲಿ, ಕೇಳಲು ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲ್) ಮಾಡಿಕೊಳ್ಳಿ.

ಪಿಸಿಎಂ-ಡಿ100 ಬಂದದ್ದು 2013ರಲ್ಲಿ. ಈಗ ಹುಡುಕಬೇಕಾದದ್ದು ಸೆಕೆಂಡ್‌ಹ್ಯಾಂಡ್‌ನಲ್ಲಿ. ಡಯಲ್ ತಿರುಗಿಸುವಾಗ ಹೆಡ್‌ಫೋನ್‌ನಲ್ಲಿ ಕರಕರ ಬಂದರೆ, ಲೈನ್ ಇನ್ ಪ್ಲಗ್ ಅಲುಗಿಸಿದಾಗ ಒಂದು ಚಾನೆಲ್ ಹೋಗಿ ಬಂದರೆ ಕೊಳ್ಳಬೇಡಿ. ಅಷ್ಟು ಹಣ ಹಾಕುವ ಮನಸ್ಸಿಲ್ಲದವರಿಗೆ ಟ್ಯಾಸ್ಕಾಮ್ ಡಿಆರ್-40ಎಕ್ಸ್ ಇದೆ. ಅದೂ 24 ಬಿಟ್, 96 ಕಿಲೋಹರ್ಟ್ಸ್ ರೆಕಾರ್ಡ್ ಮಾಡುತ್ತದೆ, ಎಎ ಸೆಲ್ ಮೇಲೆಯೇ ಓಡುತ್ತದೆ. ಆರ್‌ಸಿಎಯಿಂದ 6.35 ಮಿಮೀಗೆ ಹೋಗುವ ಎರಡು ಕೇಬಲ್ ಕೊಂಡರಾಯಿತು. ಉಳಿದ ದುಡ್ಡಿನಲ್ಲಿ ಡೆಕ್‌ಗೆ ಹೊಸ ಬೆಲ್ಟ್ ಹಾಕಿಸಿ, ಒಳ್ಳೆಯ ಫೋನೋ ಪ್ರಿಆಂಪ್ ಕೊಳ್ಳಿ.