ಪೊಟ್ಟಣದ ಜೊತೆ ಪರೀಕ್ಷಾ ಚೀಟಿ: ತುಮಕೂರಿನ ಒಂದು ಕಾಫಿ ಪುಡಿ ಅಂಗಡಿ

ತುಮಕೂರಿನಲ್ಲಿ ನಾನು ಮೂರು ತಿಂಗಳಿಂದ ಕಾಫಿ ಪುಡಿ ಕೊಳ್ಳುತ್ತಿರುವ ಅಂಗಡಿಯಲ್ಲಿ ಪ್ರತಿ ಪೊಟ್ಟಣದ ಜೊತೆ ಒಂದು ಪರೀಕ್ಷಾ ಚೀಟಿಯನ್ನೂ ಕೊಡುತ್ತಾರೆ. ತೇವಾಂಶ, ಕೆಫೀನ್, ಕ್ಲೋರೋಜೆನಿಕ್ ಆಮ್ಲ, ಟ್ರೈಗೊನೆಲಿನ್ (ಇವೆರಡೂ ಕಾಫಿ ಬೀಜದಲ್ಲಿ ಸಹಜವಾಗಿರುವ ರಾಸಾಯನಿಕಗಳು), ಸುಕ್ರೋಸ್ (ಸಕ್ಕರೆ) ಎಂಬ ಐದು ಸಾಲುಗಳ ಎದುರು ಶೇಕಡಾವಾರು ಅಂಕಿಗಳಿರುತ್ತವೆ. ಕಾಯಿಯನ್ನು ಕುಲುಕಿ, ಒಳಗಿನ ಸದ್ದಿನಿಂದಲೇ ಕೊಬ್ಬರಿ ಒಣಗಿದೆಯೋ ಇಲ್ಲವೋ ಎಂದು ಹೇಳಬಲ್ಲ ತಿಪಟೂರು ಸೀಮೆಯವನಾದ ನನಗೆ ಈ ಚೀಟಿ ಮೊದಲು ಅನಗತ್ಯ ಆಡಂಬರವಾಗಿ ಕಂಡಿತ್ತು. ಈಗ ಹಾಗೆನಿಸುವುದಿಲ್ಲ, ಆದರೆ ಅದನ್ನು ಓದುವ ಕ್ರಮ ತಿಳಿದಿರಬೇಕು.

ಐದರಲ್ಲಿ ಹೆಚ್ಚು ನಂಬಬಹುದಾದದ್ದು ಕೆಫೀನಿನ ಅಂಕಿ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಅರೇಬಿಕಾ ಬೀಜದಲ್ಲಿ ಅದು ಸುಮಾರು ಶೇ. 1.2, ರೊಬಸ್ಟಾದಲ್ಲಿ ಸುಮಾರು ಶೇ. 2.2 ಇರುತ್ತದೆ, ಹುರಿದರೂ ಹೆಚ್ಚೇನೂ ಕುಗ್ಗುವುದಿಲ್ಲ. ಉಳಿದವುಗಳ ಕಥೆ ಬೇರೆ. ಸುಕ್ರೋಸ್ ಬಾಣಲೆಯಲ್ಲಿಯೇ ಬಹುಪಾಲು ಕರಗಿ ಬಣ್ಣಕ್ಕೂ ಘಮಕ್ಕೂ ತಿರುಗುತ್ತದೆ, ಟ್ರೈಗೊನೆಲಿನ್ ಒಡೆದು ಅದರ ಒಂದು ಭಾಗ ನಿಕೋಟಿನಿಕ್ ಆಮ್ಲವಾಗುತ್ತದೆ, ಕ್ಲೋರೋಜೆನಿಕ್ ಆಮ್ಲಗಳಂತೂ ಕಪ್ಪಾಗಿ ಹುರಿದ ಬೀಜದಲ್ಲಿ ಬಹುತೇಕ ಇಲ್ಲವಾಗುತ್ತವೆ. ನನ್ನ ಮುಖ್ಯ ಆಕ್ಷೇಪಣೆ ಇಲ್ಲಿಯೇ ಇದೆ: ಚೀಟಿಯಲ್ಲಿರುವುದು ಹಸಿರು ಬೀಜದ ಪರೀಕ್ಷೆ, ನಾವು ಮನೆಗೆ ಒಯ್ಯುವುದು ಹುರಿದು ಬೀಸಿದ ಪುಡಿ. ತೇವಾಂಶ ಶೇ. 11 ಎಂಬುದು ಬೀಜವನ್ನು ಸರಿಯಾಗಿ ಒಣಗಿಸಿದ್ದರು ಎಂಬುದಕ್ಕೆ ಸಾಕ್ಷಿಯೇ ಹೊರತು ಪೊಟ್ಟಣದೊಳಗಿನ ಪುಡಿಯ ವಿವರವಲ್ಲ. ಈ ಭೇದವನ್ನು ಚೀಟಿಯಲ್ಲಿ ಎಲ್ಲಿಯೂ ತಿಳಿಸಿಲ್ಲ.

ಕ್ಲೋರೋಜೆನಿಕ್ ಆಮ್ಲ ಹೆಚ್ಚಿದ್ದಷ್ಟೂ ಕಾಫಿ ಉತ್ತಮ ಎಂದು ಗೋಡೆಯ ಮೇಲೆ ಫಲಕವನ್ನೂ ತೂಗುಹಾಕಿದ್ದಾರೆ. ಆರೋಗ್ಯದ ಮಾತು ಹಾಗಿರಲಿ, ರುಚಿಯ ಲೆಕ್ಕದಲ್ಲಿ ಇದು ತಪ್ಪು. ಈ ಆಮ್ಲಗಳು ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿಯೇ ಹೆಚ್ಚು, ನಾಲಿಗೆಗೆ ಬರುವ ಒಗರಿಗೆ ಅವೂ ಕಾರಣ.

ಚೀಟಿಯಿಂದ ನನಗೆ ಒಮ್ಮೆ ನೇರವಾದ ಉಪಯೋಗವೂ ಆಯಿತು. ಚಿಕೋರಿ ಇಲ್ಲದ, ‘ಶುದ್ಧ ಅರೇಬಿಕಾ’ ಎಂದು ಬರೆದಿದ್ದ ಪೊಟ್ಟಣದ ಚೀಟಿಯಲ್ಲಿ ಕೆಫೀನ್ ಶೇ. 1.7 ಎಂದಿತ್ತು. ಅರ್ಧಕ್ಕರ್ಧ ರೊಬಸ್ಟಾ ಬೆರೆತರೆ ಬರುವ ಅಂಕಿ ಅದು. ಚೀಟಿಯನ್ನು ಮುಂದಿಟ್ಟು ಕೇಳಿದಾಗ ಯಜಮಾನರು, “ಡಿಕಾಕ್ಷನ್ ಗಟ್ಟಿಯಾಗಿ ಇಳಿಯಬೇಕು ಅಂತಾರಲ್ಲ ಸಾರ್, ಅದಕ್ಕೆ ಸೇರಿಸ್ತೀವಿ” ಎಂದು ಒಪ್ಪಿಕೊಂಡರು, ಮುಂದಿನ ವಾರದಿಂದ ಪೊಟ್ಟಣದ ಮೇಲೆ ಮಿಶ್ರಣವೆಂದೇ ಬರೆದರು. ಬೆರಕೆಯನ್ನು ಇನ್ನೂ ಖಚಿತವಾಗಿ ಹಿಡಿಯಲು 16-ಒ-ಮೀಥೈಲ್‌ಕಫೆಸ್ಟಾಲ್ ಎಂಬ ರೊಬಸ್ಟಾದ ಗುರುತನ್ನು ಅಳೆಯಬೇಕಾಗುತ್ತದೆ. ಚಿಲ್ಲರೆ ಅಂಗಡಿಯಿಂದ ಅಷ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಶೇ. 70 ಕಾಫಿಗೆ ಶೇ. 30 ಚಿಕೋರಿ ಬೆರೆಸಿದ ಪುಡಿಗೂ ಇದೇ ಹಸಿರು ಬೀಜದ ಚೀಟಿಯನ್ನು ಅಂಟಿಸುವುದು ಮಾತ್ರ ಒಪ್ಪತಕ್ಕದ್ದಲ್ಲ. ಚಿಕೋರಿಯಲ್ಲಿ ಕೆಫೀನ್ ಇಲ್ಲವಾದ್ದರಿಂದ ಶೇ. 1.2 ಎಂಬುದು ಆ ಪುಡಿಯಲ್ಲಿ ಶೇ. 0.84ಕ್ಕೆ ಇಳಿಯಲೇಬೇಕು.

ಬೀಜಕ್ಕೆ ಹಿಡಿದ ಬೂಷ್ಟಿನ ವಾಸನೆಯಾಗಲಿ, ಹುಳಿತ ಹಣ್ಣಿನ ದೋಷವಾಗಲಿ ಈ ಐದು ಅಂಕಿಗಳಿಗೆ ಸಿಕ್ಕುವುದಿಲ್ಲ. ಯಂತ್ರಗಳಿದ್ದರೂ ಕಾಫಿ ಮಂಡಳಿಯವರು ಇಂದಿಗೂ ಬಟ್ಟಲುಗಳನ್ನು ಸಾಲಾಗಿಟ್ಟು ನಾಲಿಗೆಯಿಂದಲೇ ದರ್ಜೆ ನೋಡುವುದು ಅದಕ್ಕಾಗಿ. ಹುರಿದ ದಿನಾಂಕ ಮತ್ತು ಎರಡು ಸಾಲಿನ ರುಚಿಯ ವಿವರ ಚೀಟಿಯಲ್ಲಿ ಸೇರಿದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಸದ್ಯಕ್ಕೆ ಮೂರು. ಪುಡಿಯಂತೂ ಚೆನ್ನಾಗಿದೆ, ವಾರಕ್ಕೆ ಕಾಲು ಕಿಲೋ ತರುವುದನ್ನು ನಿಲ್ಲಿಸಿಲ್ಲ.