ಜಾವಾ ಫರ್ನ್, ಅನೂಬಿಯಾಸ್, ವ್ಯಾಲಿಸ್ನೇರಿಯಾ: ನಿಮ್ಮ ಅಕ್ವೇರಿಯಂಗೆ ಯಾವುದು?

ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡುವ ಗ್ಯಾಸ್ ಸಿಲಿಂಡರ್ ಬೇಡ, ದುಬಾರಿ ಲೈಟ್ ಬೇಡ, ಆದ್ರೆ ತೊಟ್ಟಿಯಲ್ಲಿ ಜೀವಂತ ಹಸಿರು ಬೇಕು ಅನ್ನುವವರು ಈ ಮೂರು ನೀರಿನ ಗಿಡಗಳಲ್ಲಿ ಆರಿಸಿಕೊಳ್ಳಿ.

ಜಾವಾ ಫರ್ನ್, ಅನೂಬಿಯಾಸ್ ಎರಡಕ್ಕೂ ಮಣ್ಣು ಬೇಕಿಲ್ಲ. ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿದರೆ ಆಯಿತು. ಅಡ್ಡಕ್ಕೆ ಹಬ್ಬುವ ದಪ್ಪ ಕಾಂಡವನ್ನು ಮಾತ್ರ ಮರಳಲ್ಲಿ ಹೂಳಬೇಡಿ, ಕೊಳೆತುಹೋಗುತ್ತದೆ. ಗೋಲ್ಡ್‌ಫಿಶ್ ಇದ್ದರೆ ಈ ಎರಡೇ ಒಳ್ಳೆಯದು. ಇವುಗಳ ಗಟ್ಟಿ ಎಲೆಗೆ ಅವು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ.

ಅನೂಬಿಯಾಸ್ ಬೆಳೆಯುವುದು ತುಂಬ ನಿಧಾನ. ಕತ್ತರಿಸುವ ಕೆಲಸವೇ ಇಲ್ಲ. ಆದರೆ ಬೆಳಕು ಜಾಸ್ತಿಯಾದರೆ ಎಲೆ ಮೇಲೆ ಪಾಚಿ ಕೂರುತ್ತದೆ, ನೆರಳಿನ ಮೂಲೆಗೆ ಇಡಿ. ಜಾವಾ ಫರ್ನ್ ಹಳೆ ಎಲೆಯ ಮೇಲೇ ಮರಿ ಗಿಡ ಬಿಡುತ್ತದೆ. ಅದನ್ನು ಬಿಡಿಸಿ ಬೇರೆ ಕಡೆ ಕಟ್ಟಬಹುದು.

ವ್ಯಾಲಿಸ್ನೇರಿಯಾ ಹಾಗಲ್ಲ, ಬೇರು ಮರಳಿಗೆ ಇಳಿಯಲೇಬೇಕು. ಗಡಸು ನೀರಲ್ಲೂ ಚೆನ್ನಾಗಿ ಬರುತ್ತದೆ. ಬೋರ್‌ವೆಲ್ ನೀರಿನ ಮನೆಗಳಿಗೆ ಅನುಕೂಲ ಅಲ್ವಾ? ಶುರುವಿನಲ್ಲಿ ಎಲೆ ಕರಗಿದರೆ ಸುಮ್ನೆ ಕಿತ್ತು ಬಿಸಾಡಬೇಡಿ. ಬೇರು ಹಿಡಿದ ಮೇಲೆ ಎಲ್ಲ ಕಡೆ ಹಬ್ಬುತ್ತದೆ, ಆಗ ಆಗಾಗ ಕಿತ್ತು ಕಡಿಮೆ ಮಾಡಬೇಕು. ಎತ್ತರದ ತೊಟ್ಟಿಯ ಹಿಂಬದಿಗೆ ಇದೇ ಚೆಂದ.

ಒಂದೇ ಗಿಡ ಅಂದರೆ ನನ್ನ ಆಯ್ಕೆ ಜಾವಾ ಫರ್ನ್. ಲೈಟ್ ದಿನಕ್ಕೆ 6ರಿಂದ 8 ಗಂಟೆ ಸಾಕು.